ಕತ್ತಲಲ್ಲಿ 5 ನಿಮಿಷ 48 ಸೆಕೆಂಡ್: ಮನೆಯಲ್ಲೇ ಶೀಟ್ ಫಿಲ್ಮ್ ತೊಳೆಯುವ ಪಾಠ

ಏಪ್ರಿಲ್ ತಿಂಗಳ ಒಂದು ಭಾನುವಾರ ನಾವು ಆರು ಫೋಟೋ ತೆಗೆದ್ವಿ. ಅದೇ ರಾತ್ರಿ ಅದರಲ್ಲಿ ಎರಡನ್ನ ಹಾಳು ಮಾಡಿದ್ವಿ. ಉಳಿದ ನಾಲ್ಕನ್ನ ಮುಟ್ಟೋಕೆ ಧೈರ್ಯ ಬರಲು ಮೂರು ವಾರ ಬೇಕಾಯ್ತು. ಆ ಮೂರು ವಾರದಲ್ಲಿ ಕಲಿತದ್ದನ್ನ ಇಲ್ಲಿ ಬರೀತಾ ಇದ್ದೀವಿ. ಓದಿ ನೀವೂ ಮಾಡಬಹುದು, ನಾವು ಮಾಡಿದ ತಪ್ಪುಗಳನ್ನ ಬಿಟ್ಟು.

"ನಾವು" ಅಂದ್ರೆ ಮೂರು ಜನ. ಮೂವರೂ ಸೆಕೆಂಡ್ ಇಯರ್: ಒಬ್ಬ ಮೆಕ್ಯಾನಿಕಲ್, ಒಬ್ಬಳು ಇಸಿ, ಒಬ್ಬ ಕೆಮಿಕಲ್. ಹೆಸರು ಬೇಡ, ಬ್ರಾಂಚಿನಿಂದಲೇ ಕರೀತೀವಿ. ಮೂವರೂ ಇಂಗ್ಲಿಷ್ ಮೀಡಿಯಂನವರು, ಹಾಗಾಗಿ ಭಾಷೆಯಲ್ಲಿ ಅಲ್ಲಲ್ಲಿ ಎಡವಿದ್ರೆ ಸಂಪಾದಕರ ಹತ್ತಿರ ಹೇಳಿ, ನಮ್ಮ ಹತ್ತಿರ ಬೇಡ!

ಇದೆಲ್ಲ ಯಾಕೆ ಶುರುವಾಯ್ತು

ಮೆಕ್ಯಾನಿಕಲ್‌ನವನ ತಾತ ಅರಸೀಕೆರೆ ಕಡೆಯ ಒಂದು ಊರಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ರು. ಊರಿನ ಮದುವೆ, ಎಸ್‌ಎಸ್‌ಎಲ್‌ಸಿ ಗ್ರೂಪ್ ಫೋಟೋ, ಪಾಸ್‌ಪೋರ್ಟ್ ಸೈಜ್, ಎಲ್ಲ ಅವರದ್ದೇ. ಈಗ ಅವರಿಗೆ 84. ಸ್ಟುಡಿಯೋ ಮುಚ್ಚಿ ಎಷ್ಟೋ ವರ್ಷ ಆಗಿದೆ, ಆದ್ರೆ ಒಳಗಿನ ಕುರ್ಚಿ, ಹಿಂದಿನ ಪರದೆ, ಉತ್ತರದ ದೊಡ್ಡ ಕಿಟಕಿ ಎಲ್ಲ ಹಾಗೇ ಇತ್ತು. ರಸ್ತೆ ಅಗಲ ಮಾಡ್ತಾರೆ, ಮುಂದಿನ ವಾರ ಕಟ್ಟಡ ಹೋಗುತ್ತೆ ಅಂತ ಗೊತ್ತಾದಾಗ ಸಾಮಾನು ಸಾಗಿಸೋಕೆ ನಾವೂ ಹೋಗಿದ್ವಿ.

ಅಟ್ಟದ ಮೇಲೆ ಮರದ ಫೀಲ್ಡ್ ಕ್ಯಾಮೆರಾ ಸಿಕ್ತು. ಹಿತ್ತಾಳೆ ಲೆನ್ಸು, ಅಕಾರ್ಡಿಯನ್ ತರಹ ಮಡಚೋ ಬೆಲ್ಲೋಸು, ತಲೆ ಮೇಲೆ ಹೊದ್ದುಕೊಳ್ಳೋ ಕಪ್ಪು ಬಟ್ಟೆ. ಆಗ ಇಸಿಯವಳು ಸುಮ್ಮನೆ ಕೇಳಿದಳು, "ತಾತ, ಈ ಕುರ್ಚಿ ಮೇಲೆ ಕೂತು ನೀವು ಯಾವತ್ತಾದ್ರೂ ಫೋಟೋ ತೆಗೆಸ್ಕೊಂಡಿದ್ದೀರಾ?"

"ತೆಗೆಯೋನು ನಾನೇ ಅಲ್ವೇನಮ್ಮ. ಇನ್ಯಾರು ತೆಗೀತಾರೆ?"

ಅಲ್ಲಿಗೆ ತೀರ್ಮಾನ ಆಯ್ತು. ಕ್ಯಾಮೆರಾ ಹಾಫ್ ಪ್ಲೇಟ್ ಅಳತೆಯದ್ದು. ಆ ಅಳತೆಯ ಫಿಲ್ಮ್ ಈಗ ಸುಲಭಕ್ಕೆ ಸಿಗಲ್ಲ. ಹಾಗಾಗಿ 4×5 ಇಂಚಿನ ಹೋಲ್ಡರ್ ಕೂರೋ ಹಾಗೆ ಹಿಂದಕ್ಕೆ ಒಂದು ಮರದ ಹಲಗೆಯನ್ನ ಮೆಕ್ಯಾನಿಕಲ್‌ನವನು ಎರಡು ರಾತ್ರಿ ಕೂತು ಮಾಡಿದ. ಮೂರು ಸೆಕೆಂಡ್ ಹ್ಯಾಂಡ್ ಹೋಲ್ಡರ್, ಒಂದು ಬಾಕ್ಸ್ ಇಲ್‌ಫೋರ್ಡ್ ಎಫ್‌ಪಿ4 ಪ್ಲಸ್ ಶೀಟ್ ಫಿಲ್ಮ್ ಹೊಂದಿಸಿಕೊಂಡ್ವಿ. ಒಂದು ಹೋಲ್ಡರಿಗೆ ಎರಡು ಶೀಟು, ಒಟ್ಟು ಆರು. ಆ ಲೆನ್ಸಿಗೆ ಶಟರ್ ಇಲ್ಲ. ಮುಚ್ಚಳ ತೆಗೆದು "ಒಂದು... ಎರಡು..." ಅಂತ ಎಣಿಸಿ ಮುಚ್ಚಬೇಕು. ಎಫ್/11ರಲ್ಲಿ ಎರಡು ಸೆಕೆಂಡ್. ತಾತ ಕುರ್ಚಿ ಮೇಲೆ ಕೂತೇ ನಮಗೆ ಡೈರೆಕ್ಷನ್ ಕೊಟ್ರು. ಮುಂದಿನ ಬುಧವಾರ ಜೆಸಿಬಿ ಬಂತು. ಕುರ್ಚಿ ಗೆದ್ದಲು ಹಿಡಿದಿತ್ತು, ಅದನ್ನ ಉಳಿಸೋಕೆ ಆಗಲಿಲ್ಲ. ಅಂದ್ರೆ ಆ ಆರು ಶೀಟಿಗೆ ರೀಟೇಕ್ ಅನ್ನೋದೇ ಇಲ್ಲ.

ಶೀಟ್ ಫಿಲ್ಮ್ ಅಂದ್ರೇನು, ಇಷ್ಟು ದೊಡ್ಡದು ಯಾಕೆ

ಸಾಮಾನ್ಯ 35 ಎಂಎಂ ರೀಲಿನ ಒಂದು ಫ್ರೇಮ್ 24×36 ಮಿಲಿಮೀಟರ್. ಒಂದು 4×5 ಶೀಟಿನ ವಿಸ್ತೀರ್ಣ ಅದರ ಸುಮಾರು 15 ಪಟ್ಟು. ರೀಲಿನ ಹಾಗೆ ಸುತ್ತಿರಲ್ಲ, ಪೋಸ್ಟ್ ಕಾರ್ಡಿನ ಹಾಗೆ ಬಿಡಿಬಿಡಿ ಹಾಳೆ. ಆದ್ದರಿಂದ ಪ್ರತಿ ಶೀಟಿಗೂ ಬೇರೆ ಬೇರೆ ಸಮಯ ಕೊಟ್ಟು ಡೆವಲಪ್ ಮಾಡಬಹುದು. ಇನ್ನೊಂದು ಲಾಭ: ಎನ್‌ಲಾರ್ಜರ್ ಇಲ್ಲದೆಯೂ ಪ್ರಿಂಟ್ ಹಾಕಬಹುದು. ಫೋಟೋ ಪೇಪರಿನ ಮೇಲೆ ನೆಗೆಟಿವ್ ಇಟ್ಟು, ಮೇಲೊಂದು ಗಾಜು ಒತ್ತಿ, ಸ್ವಲ್ಪ ಹೊತ್ತು ಬಲ್ಬ್ ಹಾಕಿದ್ರೆ ನೆಗೆಟಿವ್ ಎಷ್ಟು ದೊಡ್ಡದೋ ಅಷ್ಟೇ ದೊಡ್ಡ ಚಿತ್ರ ಬರುತ್ತೆ. ಇದಕ್ಕೆ ಕಾಂಟ್ಯಾಕ್ಟ್ ಪ್ರಿಂಟ್ ಅಂತಾರೆ.

ಇದು ಹಳೇ ವಿದ್ಯೆ. 1856ರಲ್ಲಿ ಅಲೆಕ್ಸಾಂಡರ್ ಗ್ರೀನ್‌ಲಾ ಅನ್ನೋ ಬ್ರಿಟಿಷ್ ಸೇನಾಧಿಕಾರಿ ನಮ್ಮ ಹಂಪಿಯ ಫೋಟೋಗಳನ್ನ ದೊಡ್ಡ ಕಾಗದದ ನೆಗೆಟಿವ್‌ಗಳ ಮೇಲೆ ತೆಗೆದಿದ್ದ. ಆವತ್ತು ನಿಂತಿದ್ದ ಯಾವ ಕಂಬ ಇವತ್ತು ಬಿದ್ದಿದೆ ಅಂತ ನೋಡೋಕೆ ಆ ನೆಗೆಟಿವ್‌ಗಳು ಇವತ್ತಿಗೂ ಉಪಯೋಗಕ್ಕೆ ಬರ್ತಾ ಇವೆ. 1980ರ ದಶಕದಲ್ಲಿ ಆಸ್ಟ್ರೇಲಿಯಾದ ಜಾನ್ ಗಾಲಿಂಗ್ಸ್ ಅದೇ ಜಾಗಗಳಲ್ಲಿ ನಿಂತು ಮತ್ತೆ ಫೋಟೋ ತೆಗೆದು ಎರಡನ್ನೂ ಪಕ್ಕಪಕ್ಕ ಇಟ್ಟು ತೋರಿಸಿದರು. ಚೆನ್ನಾಗಿ ತೊಳೆದ ನೆಗೆಟಿವ್ ಅಷ್ಟು ಕಾಲ ಬಾಳುತ್ತೆ.

ಕಾಣದ ಚಿತ್ರ

ಮುಚ್ಚಳ ತೆಗೆದು ಮುಚ್ಚಿದ ಮೇಲೆ ಫಿಲ್ಮ್ ಮೇಲೆ ಏನೂ ಕಾಣಲ್ಲ. ಜೆಲಟಿನ್ ಪದರದಲ್ಲಿ ಸಿಲ್ವರ್ ಬ್ರೋಮೈಡಿನ ಸಣ್ಣ ಸಣ್ಣ ಹರಳುಗಳಿವೆ. ಬೆಳಕು ಬಿದ್ದ ಹರಳಿನಲ್ಲಿ ಕೆಲವೇ ಕೆಲವು ಬೆಳ್ಳಿ ಪರಮಾಣುಗಳು ಒಂದು ಕಡೆ ಗುಂಪಾಗುತ್ತವೆ. ಇದನ್ನ ವಿವರಿಸಿದ್ದು ಗರ್ನಿ ಮತ್ತು ಮಾಟ್ ಅನ್ನೋ ಇಬ್ಬರು ಭೌತವಿಜ್ಞಾನಿಗಳು, 1938ರಲ್ಲಿ. ಆ ಪುಟ್ಟ ಗುಂಪು ಇರೋ ಹರಳನ್ನ ಡೆವಲಪರ್ ಗುರುತು ಹಿಡಿದು ಇಡೀ ಹರಳನ್ನೇ ಬೆಳ್ಳಿಯಾಗಿ ಇಳಿಸುತ್ತೆ, ಅಂದ್ರೆ ರಿಡಕ್ಷನ್. ಗುಂಪು ಇಲ್ಲದ ಹರಳನ್ನ ಸದ್ಯಕ್ಕೆ ಬಿಡುತ್ತೆ. "ಸದ್ಯಕ್ಕೆ" ಅಂದದ್ದು ಯಾಕಂದ್ರೆ ಜಾಸ್ತಿ ಹೊತ್ತು ಬಿಟ್ರೆ ಅದನ್ನೂ ಬಿಡಲ್ಲ. ಇಸಿಯವಳು ಇದನ್ನ ಆಂಪ್ಲಿಫೈಯರ್ ಅಂತಾಳೆ. ನಾಲ್ಕಾರು ಪರಮಾಣುವಿನ ಸಿಗ್ನಲ್ ಕೋಟಿಗಟ್ಟಲೆ ಪರಮಾಣು ಆಗಿ ಹೊರಗೆ ಬರುತ್ತೆ. ಅಷ್ಟು ಗೇನ್ ಇರೋ ಕಡೆ ನಾಯ್ಸ್ ಕೂಡ ಅಷ್ಟೇ ಹುಷಾರಾಗಿ ನೋಡ್ಕೋಬೇಕು.

ನಾವು ಬಳಸಿದ್ದು ಡಿ-76, ಕೊಡಾಕ್‌ನವರು 1927ರಲ್ಲಿ ತಂದ ಡೆವಲಪರ್. ಅದರ ಫಾರ್ಮುಲಾ ಎಲ್ಲರಿಗೂ ಗೊತ್ತಿರೋದೇ. ಒಂದು ಲೀಟರಿಗೆ:

ಮೆಟಾಲ್ 2 ಗ್ರಾಂ
ಸೋಡಿಯಂ ಸಲ್ಫೈಟ್ (ನೀರಿನಂಶ ಇಲ್ಲದ್ದು) 100 ಗ್ರಾಂ
ಹೈಡ್ರೋಕ್ವಿನೋನ್ 5 ಗ್ರಾಂ
ಬೋರಾಕ್ಸ್ 2 ಗ್ರಾಂ

ಸುಮಾರು 50 ಡಿಗ್ರಿಯ 750 ಮಿಲಿಲೀಟರ್ ನೀರಲ್ಲಿ ಇದೇ ಕ್ರಮದಲ್ಲಿ ಒಂದೊಂದಾಗಿ ಕರಗಿಸಿ, ಆಮೇಲೆ ಒಂದು ಲೀಟರ್ ಮಾಡಬೇಕು. ಕ್ರಮ ಮುಖ್ಯ. ಸಲ್ಫೈಟ್ ಪೂರ್ತಿ ಹಾಕಿದ ಮೇಲೆ ಮೆಟಾಲ್ ಸರಿಯಾಗಿ ಕರಗಲ್ಲ. ಹಾಗಂತ ಸಲ್ಫೈಟ್ ಇಲ್ಲದೆ ಹಾಕಿದ್ರೆ ಮೆಟಾಲ್ ಗಾಳಿಗೆ ಕೆಡುತ್ತೆ. ಆದ್ದರಿಂದ ಮೊದಲು ಒಂದು ಚಿಟಿಕೆ ಸಲ್ಫೈಟ್, ಆಮೇಲೆ ಮೆಟಾಲ್, ಆಮೇಲೆ ಉಳಿದ ಸಲ್ಫೈಟ್. ಇದು ಅಡುಗೆಮನೆಯ ತಕ್ಕಡಿಯ ಕೆಲಸ ಅಲ್ಲ, 0.1 ಗ್ರಾಂ ತೋರಿಸೋ ತಕ್ಕಡಿ ಬೇಕು. ಅಡುಗೆ ಪಾತ್ರೆಯನ್ನಂತೂ ಮುಟ್ಟಲೇಬೇಡಿ. ಮೆಟಾಲ್ ಕೆಲವರ ಚರ್ಮಕ್ಕೆ ಆಗಲ್ಲ, ಕೆರೆತ ಬರುತ್ತೆ. ನೈಟ್ರೈಲ್ ಗ್ಲೌಸ್ ಹಾಕ್ಕೊಳ್ಳಿ. ಪುಡಿ ತೂಗುವಾಗ ಮಾಸ್ಕ್ ಹಾಕಿ, ಕಿಟಕಿ ತೆರೆದಿರಲಿ.

ಮೊದಲ ರಾತ್ರಿ ಏನಾಯ್ತು

ಡಾರ್ಕ್‌ರೂಮ್ ಅಂದ್ರೆ ಮೆಕ್ಯಾನಿಕಲ್‌ನವನ ಮನೆ ಬಾತ್‌ರೂಮು. ಕಿಟಕಿಗೆ ಕಪ್ಪು ಪ್ಲಾಸ್ಟಿಕ್ಕು, ಬಾಗಿಲ ಸಂದಿಗೆ ಹಳೇ ಬೆಡ್‌ಶೀಟು. ಮೂರು ಟ್ರೇ: ಡೆವಲಪರ್, ಸ್ಟಾಪ್ ಬಾತ್, ಫಿಕ್ಸರ್. ಎಫ್‌ಪಿ4 ಪ್ಯಾನ್‌ಕ್ರೊಮ್ಯಾಟಿಕ್ ಫಿಲ್ಮ್, ಅಂದ್ರೆ ಕೆಂಪು ಬೆಳಕೂ ಅದಕ್ಕೆ ಕಾಣುತ್ತೆ. ಸಿನಿಮಾದಲ್ಲಿ ತೋರಿಸೋ ಕೆಂಪು ದೀಪ ಇಲ್ಲಿ ನಡೆಯಲ್ಲ, ಪೂರ್ತಿ ಕತ್ತಲೇ ಬೇಕು. ಸಂಭ್ರಮದಲ್ಲಿ ಒಳಗೆ ಹೋಗಿ ಎರಡು ಶೀಟನ್ನ ಒಟ್ಟಿಗೆ ಡೆವಲಪರಿಗೆ ಹಾಕಿದ್ವಿ. ಎಫ್‌ಪಿ4ಗೆ ಡಿ-76ರಲ್ಲಿ 20 ಡಿಗ್ರಿಗೆ 8.5 ನಿಮಿಷ ಅಂತ ಪಟ್ಟಿಯಲ್ಲಿದೆ. ನಾವೂ ಅಷ್ಟೇ ಕೊಟ್ವಿ.

ಲೈಟ್ ಹಾಕಿದಾಗ ಕಂಡದ್ದು: ಎರಡೂ ಶೀಟ್ ಒಂದಕ್ಕೊಂದು ಅಂಟಿಕೊಂಡಿತ್ತು. ಅಂಟಿದ ಕಡೆ ಖಾಲಿ. ಅಂಟದ ಕಡೆ ತಾತನ ಹಣೆ, ಬಿಳಿ ಅಂಗಿ ಎಲ್ಲ ಇದ್ದಿಲಿನಷ್ಟು ಕಪ್ಪು. (ನೆಗೆಟಿವ್‌ನಲ್ಲಿ ಬಿಳಿ ಕಪ್ಪಾಗಿ ಬರುತ್ತೆ.) ಬಿಡಿಸೋಕೆ ಹೋದಾಗ ಜೆಲಟಿನ್ ಸಿಪ್ಪೆಯ ಹಾಗೆ ಎದ್ದು ಬಂತು. ಯಾರೂ ಮಾತಾಡಲಿಲ್ಲ. ಹೊರಗಿಂದ ಅವನ ಅಮ್ಮ "ಆಯ್ತೇನ್ರೋ? ಅಪ್ಪ ಸ್ನಾನ ಮಾಡ್ಬೇಕು" ಅಂತ ಬಾಗಿಲು ಬಡೀತಾ ಇದ್ರು.

ಮಾರನೇ ದಿನ ತಾತನಿಗೆ ಹೇಳಿದ್ವಿ. ಬೈತಾರೆ ಅಂದುಕೊಂಡಿದ್ವಿ. ಅವರು ಕೇಳಿದ್ದು ಒಂದೇ ಪ್ರಶ್ನೆ: "ನೀರು ಎಷ್ಟು ಬಿಸಿ ಇತ್ತು?"

ನೋಡಿರಲಿಲ್ಲ. ಬೆಳಿಗ್ಗೆ ನೋಡಿದ್ವಿ, 24 ಇತ್ತು. ಆದ್ರೆ ಆ ನೀರು ಇಡೀ ದಿನ ತಾರಸಿ ಮೇಲಿನ ಕಪ್ಪು ಟ್ಯಾಂಕಿನಲ್ಲಿ ಬಿಸಿಲು ಕಾಯ್ತಾ ಇತ್ತು. ಆ ರಾತ್ರಿ ಅದೇ ಹೊತ್ತಿಗೆ ನಲ್ಲಿ ಬಿಟ್ಟು ಥರ್ಮಾಮೀಟರ್ ಹಿಡಿದ್ರೆ 31.

ಅರೇನಿಯಸ್ ಕೊನೆಗೂ ಉಪಯೋಗಕ್ಕೆ ಬಂದ

ಫಸ್ಟ್ ಇಯರ್ ಕೆಮಿಸ್ಟ್ರಿಯಲ್ಲಿ ಅರೇನಿಯಸ್ ಸಮೀಕರಣ ಬಾಯಿಪಾಠ ಮಾಡಿ, ಪರೀಕ್ಷೆ ಬರೆದು ಮರೆತಿದ್ವಿ ತಾನೇ? ಕೆಮಿಕಲ್‌ನವನು ಅದನ್ನೇ ತೆಗೆದ. ಇಲ್‌ಫೋರ್ಡ್‌ನವರು ಒಂದು ಉದಾಹರಣೆ ಕೊಡ್ತಾರೆ: 20 ಡಿಗ್ರಿಯಲ್ಲಿ 4 ನಿಮಿಷ ಬೇಕಾದ್ರೆ 23 ಡಿಗ್ರಿಯಲ್ಲಿ 3 ನಿಮಿಷ ಸಾಕು, 16 ಡಿಗ್ರಿಯಲ್ಲಿ 6 ನಿಮಿಷ ಬೇಕು.

ಮೊದಲ ಎರಡು ಅಂಕಿ ತಗೊಳ್ಳಿ. ವೇಗದ ಅನುಪಾತ 4/3, ಅದರ ನ್ಯಾಚುರಲ್ ಲಾಗ್ 0.288. ತಾಪಮಾನ 293 ಮತ್ತು 296 ಕೆಲ್ವಿನ್. ಸಮೀಕರಣಕ್ಕೆ ಹಾಕಿದ್ರೆ ಆಕ್ಟಿವೇಶನ್ ಎನರ್ಜಿ ಒಂದು ಮೋಲಿಗೆ ಸುಮಾರು 69 ಕಿಲೋಜೌಲ್ ಬರುತ್ತೆ. ಇದು ಸರಿಯಾ ಅಂತ ನೋಡೋಕೆ ಅದೇ ಅಂಕಿಯಿಂದ 16 ಡಿಗ್ರಿಯ ಸಮಯ ಲೆಕ್ಕ ಹಾಕಿದ್ವಿ: 5.9 ನಿಮಿಷ. ಇಲ್‌ಫೋರ್ಡ್ ಹೇಳೋದು 6. ಮೂವರೂ ಒಟ್ಟಿಗೆ "ಓಹೋ" ಅಂದ್ವಿ. ಡೆವಲಪಿಂಗ್ ಒಂದೇ ಒಂದು ರಿಯಾಕ್ಷನ್ ಅಲ್ಲ. ಜೆಲಟಿನ್ ಒಳಗೆ ದ್ರಾವಣ ಇಳಿಯೋದು, ಹೊರಗೆ ಬರೋದು ಎಲ್ಲ ಸೇರಿರುತ್ತೆ. ಆದ್ರೂ ಒಟ್ಟಾರೆ ಲೆಕ್ಕಕ್ಕೆ ಈ ಅಂಕಿ ಚೆನ್ನಾಗಿ ಕೂರುತ್ತೆ.

ಈಗ ನಮ್ಮ 8.5 ನಿಮಿಷಕ್ಕೆ:

20 ಡಿಗ್ರಿ: 8 ನಿಮಿಷ 30 ಸೆಕೆಂಡ್
22 ಡಿಗ್ರಿ: 7 ನಿಮಿಷ
24 ಡಿಗ್ರಿ: 5 ನಿಮಿಷ 48 ಸೆಕೆಂಡ್
26 ಡಿಗ್ರಿ: 4 ನಿಮಿಷ 49 ಸೆಕೆಂಡ್

31 ಡಿಗ್ರಿಗೆ ಲೆಕ್ಕ ಹಾಕಿದ್ರೆ ಬರೋದು ಸುಮಾರು 3 ನಿಮಿಷ. ನಾವು ಕೊಟ್ಟದ್ದು ಎಂಟೂವರೆ. ಅಂದ್ರೆ 20 ಡಿಗ್ರಿಯಲ್ಲಿ ಹೆಚ್ಚುಕಮ್ಮಿ 24 ನಿಮಿಷ ಬೇಯಿಸಿದ ಹಾಗೆ! ಹಣೆ ಇದ್ದಿಲಾಗಿದ್ದು ಯಾಕೆ ಅಂತ ಗೊತ್ತಾಯ್ತು. ಜೊತೆಗೆ ಬಿಸಿ ನೀರಲ್ಲಿ ಜೆಲಟಿನ್ ಉಬ್ಬಿ ಮೆತ್ತಗಾಗುತ್ತೆ. ಸಿಪ್ಪೆ ಎದ್ದದ್ದೂ ಅದಕ್ಕೇ.

ಹಾಗಾದ್ರೆ ಐಸ್ ಹಾಕಿ 20ಕ್ಕೇ ಇಳಿಸೋಣ ಅಂತ ಮೊದಲು ಅನ್ನಿಸ್ತು. ಆದ್ರೆ ರೂಮಿನ ಗಾಳಿ 30 ಡಿಗ್ರಿ. ನ್ಯೂಟನ್ನನ ಕೂಲಿಂಗ್ ನಿಯಮ ನೆನಪಿದೆಯಲ್ಲ: ವ್ಯತ್ಯಾಸ ಜಾಸ್ತಿ ಇದ್ದಷ್ಟೂ ತಾಪಮಾನ ಬೇಗ ಜಾರುತ್ತೆ. 20ರಲ್ಲಿ ಇಟ್ರೆ ವ್ಯತ್ಯಾಸ 10, 24ರಲ್ಲಿ ಇಟ್ರೆ 6. ಕತ್ತಲಲ್ಲಿ ಥರ್ಮಾಮೀಟರ್ ನೋಡೋಕಾಗಲ್ಲ. ಹಿಡಿದಿಡೋಕೆ ಸುಲಭವಾದ ತಾಪಮಾನವೇ ಒಳ್ಳೇದು. 26ಕ್ಕೆ ಯಾಕೆ ಹೋಗಲಿಲ್ಲ ಅಂದ್ರೆ, ಸಮಯ 5 ನಿಮಿಷಕ್ಕಿಂತ ಕಮ್ಮಿಯಾದ್ರೆ ಡೆವಲಪಿಂಗ್ ಒಂದೇ ಸಮ ಆಗೋದು ಕಷ್ಟ, ಆಕಾಶದಲ್ಲೋ ಗೋಡೆಯಲ್ಲೋ ಪಟ್ಟೆ ಬೀಳುತ್ತೆ. ಆದ್ದರಿಂದ 24 ಅಂತ ನಿಗದಿ ಮಾಡಿದ್ವಿ. ಟ್ರೇಯನ್ನ ಅಗಲವಾದ ಪ್ಲಾಸ್ಟಿಕ್ ಟಬ್ಬಿನ ನೀರಲ್ಲಿ ಇಟ್ಟು, ಟಬ್ಬಿಗೆ ಐಸ್ ಕಟ್ಟಿದ ನೀರಿನ ಬಾಟಲಿ ಹಾಕಿ 24ಕ್ಕೆ ತಂದ್ವಿ. ಹತ್ತು ನಿಮಿಷಕ್ಕೆ ಅರ್ಧ ಡಿಗ್ರಿಯೂ ಏರಲಿಲ್ಲ. ಸ್ಟಾಪ್, ಫಿಕ್ಸರ್, ತೊಳೆಯೋ ನೀರು ಎಲ್ಲವೂ ಹತ್ತಿರ ಹತ್ತಿರ ಅದೇ ತಾಪಮಾನದಲ್ಲಿರಲಿ.

ಬೆಳಕಲ್ಲಿ ಯೋಚನೆ, ಕತ್ತಲಲ್ಲಿ ಕೈ

ತಾತ ಹೇಳಿದ ಎರಡನೇ ಮಾತು: "ಕತ್ತಲಲ್ಲಿ ಯೋಚನೆ ಮಾಡೋಕೆ ಹೋಗ್ಬಾರ್ದು ಕಣ್ರಪ್ಪ. ಯೋಚನೆ ಎಲ್ಲ ಬೆಳಕಲ್ಲೇ ಮುಗಿಸ್ಕೊಂಡು ಹೋಗ್ಬೇಕು." ಇದೇ ಈ ಇಡೀ ಲೇಖನ ಅಂದ್ರೂ ತಪ್ಪಲ್ಲ.

ನಾಲ್ಕು ಶೀಟನ್ನ ಬಾಕ್ಸಿನಲ್ಲೇ ಮುಚ್ಚಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಫ್ರಿಜ್ಜಿನಲ್ಲಿಟ್ವಿ, "ತೆಗೀಬೇಡಿ" ಅಂತ ದೊಡ್ಡದಾಗಿ ಬರೆದು. ಹಾಳಾದ ಎರಡು ಶೀಟು, ಜೊತೆಗೆ ಹಳೇ ಎಕ್ಸ್‌ರೇ ಹಾಳೆಗಳನ್ನ 4×5ಕ್ಕೆ ಕತ್ತರಿಸಿ ಅಭ್ಯಾಸ ಶುರು ಮಾಡಿದ್ವಿ. ಮೊದಲು ಲೈಟ್ ಹಾಕ್ಕೊಂಡು ಬರೀ ನೀರಿನಲ್ಲಿ. ಆಮೇಲೆ ಕಣ್ಣು ಮುಚ್ಚಿಕೊಂಡು. ಆಮೇಲೆ ಪೂರ್ತಿ ಕತ್ತಲಲ್ಲಿ. ಮೂರು ಹಂತ, ಒಂದೊಂದು ಹಂತಕ್ಕೂ ಕನಿಷ್ಠ ಹತ್ತು ಸಲ. ಕ್ರಮ ಹೀಗಿದೆ:

1. ಟ್ರೇಗಳನ್ನ ಎಡದಿಂದ ಬಲಕ್ಕೆ ಜೋಡಿಸಿ: ನೀರು, ಡೆವಲಪರ್, ಸ್ಟಾಪ್, ಫಿಕ್ಸರ್. ನಡುವೆ ಒಂದೊಂದು ಗೇಣು ಜಾಗ. ಯಾವತ್ತೂ ಕ್ರಮ ಬದಲಿಸಬೇಡಿ.

2. ಕತ್ತಲಾಗಿದೆಯಾ ಅಂತ ಹತ್ತು ನಿಮಿಷ ಒಳಗೆ ಕೂತು ನೋಡಿ. ಮೊದಲ ನಿಮಿಷ ಕಾಣದ ಬೆಳಕು ಹತ್ತನೇ ನಿಮಿಷಕ್ಕೆ ಕಾಣುತ್ತೆ. ನಮಗೆ ಕಂಡದ್ದು ಗೀಸರಿನ ಕೆಂಪು ಇಂಡಿಕೇಟರ್! ಮೊದಲ ರಾತ್ರಿ ಅದೂ ಉರೀತಾ ಇತ್ತು.

3. ಪ್ರತಿ ಶೀಟಿನ ಒಂದು ಮೂಲೆ ಹತ್ತಿರ ಸಣ್ಣ ಕಚ್ಚು ಇರುತ್ತೆ. ಶೀಟನ್ನ ಉದ್ದವಾಗಿ ಹಿಡಿದಾಗ ಕಚ್ಚು ಮೇಲೆ ಬಲಗಡೆ ಬಂದ್ರೆ ಎಮಲ್ಶನ್ ಮುಖ ನಿಮ್ಮ ಕಡೆ ಇದೆ ಅಂತ ಅರ್ಥ. ಹೋಲ್ಡರಿಗೆ ಹಾಕುವಾಗಲೂ ಟ್ರೇಗೆ ಹಾಕುವಾಗಲೂ ಇದೇ ಗುರುತು. ಬೆರಳಿಗೆ ಇದು ಅಕ್ಷರ ಇದ್ದ ಹಾಗೆ.

4. ಮೊದಲು ಬರೀ ನೀರು, ಮೂರು ನಿಮಿಷ. ನಾವು ಮೊದಲ ರಾತ್ರಿ ಬಿಟ್ಟ ಹೆಜ್ಜೆ ಇದೇ. ಒಂದು ಶೀಟ್ ಪೂರ್ತಿ ಮುಳುಗಿ ನೆಂದ ಮೇಲೆಯೇ ಇನ್ನೊಂದು. ಒಣ ಶೀಟ್ ಅರೆನೆಂದ ಶೀಟಿನ ಮೇಲೆ ಬಿದ್ರೆ ಅಂಟುತ್ತೆ, ಎರಡೂ ಚೆನ್ನಾಗಿ ನೆಂದಿದ್ರೆ ಅಂಟಲ್ಲ. ಆಮೇಲೆ ಆ ನೀರನ್ನ ಬೆಳಕಲ್ಲಿ ನೋಡಿದ್ರೆ ಬಣ್ಣ ಬಿಟ್ಟಿರುತ್ತೆ. ಗಾಬರಿ ಬೇಡ, ಅದು ಫಿಲ್ಮಿನ ಹಿಂದಿನ ಡೈ.

5. ಡೆವಲಪರಿನಲ್ಲಿ ಶೀಟನ್ನ ಅದಲುಬದಲು ಮಾಡ್ತಾ ಇರಬೇಕು. ಎಮಲ್ಶನ್ ಮೇಲ್ಮುಖ. ಕೆಳಗಿನ ಶೀಟಿನ ಅಂಚು ಹಿಡಿದು ನೆಟ್ಟಗೆ ಹೊರಗೆ ತಂದು, ಮೇಲೆ ಚಪ್ಪಟೆಯಾಗಿ ಇಟ್ಟು, ಬೆರಳ ತುದಿಯ ಮೆತ್ತನೆ ಭಾಗದಿಂದ ಒತ್ತಿ ಮುಳುಗಿಸಿ. ಜಾರಿಸಬೇಡಿ, ಮೂಲೆ ಚುಚ್ಚಬೇಡಿ. ಒಂದು ಶೀಟಿನ ಮೂಲೆಯೇ ಇನ್ನೊಂದು ಶೀಟಿನ ಶತ್ರು. ಮೊದಲ 30 ಸೆಕೆಂಡ್ ಬಿಡದೆ, ಆಮೇಲೆ 10 ಸೆಕೆಂಡಿಗೊಮ್ಮೆ. ಅಲುಗಾಡಿಸದಿದ್ರೆ ಫಿಲ್ಮಿನ ಮೇಲಿನ ಡೆವಲಪರ್ ಖರ್ಚಾಗಿ ಅಲ್ಲೇ ನಿಲ್ಲುತ್ತೆ, ಕಲೆ ಬೀಳುತ್ತೆ. ಒಂದೇ ಸಮನೆ ಜಾಸ್ತಿ ಅಲುಗಾಡಿಸಿದ್ರೆ ಕಾಂಟ್ರಾಸ್ಟ್ ಏರುತ್ತೆ.

6. ಕೊನೆಯ 10 ಸೆಕೆಂಡ್ ಇರುವಾಗ ಎತ್ತಿ ಸೋರಿಸಿ, ಸ್ಟಾಪ್ ಬಾತಿಗೆ ಹಾಕಿ. ಅದು ತೆಳು ಅಸೆಟಿಕ್ ಆಮ್ಲ, ಶೇಕಡಾ 1ರಿಂದ 2. ಡೆವಲಪರಿಗೆ ಕ್ಷಾರ ಬೇಕು, ಆಮ್ಲ ಸಿಕ್ಕ ತಕ್ಷಣ ಅದು ನಿಲ್ಲುತ್ತೆ. 30 ಸೆಕೆಂಡ್ ಸಾಕು.

7. ಫಿಕ್ಸರ್ ಅಂದ್ರೆ ಥಯೋಸಲ್ಫೇಟ್. ತಾತನ ಕಾಲದ ಮಾತಲ್ಲಿ ಹೈಪೋ. ಬೆಳಕು ಬೀಳದ ಸಿಲ್ವರ್ ಬ್ರೋಮೈಡನ್ನ ಇದು ನೀರಲ್ಲಿ ಕರಗೋ ಸಂಕೀರ್ಣವಾಗಿ ಮಾಡಿ ಹೊರಗೆ ತರುತ್ತೆ. ಹೈಪೋಗೆ ಈ ಗುಣ ಇದೆ ಅಂತ ಜಾನ್ ಹರ್ಷಲ್ 1819ರಲ್ಲೇ ಕಂಡುಕೊಂಡಿದ್ದ, ಫೋಟೋಗ್ರಫಿ ಹುಟ್ಟೋಕೂ ಮುಂಚೆ. ಎಷ್ಟು ಹೊತ್ತು ಅಂತ ತಿಳಿಯೋಕೆ ಮೊದಲೇ ಬೆಳಕಲ್ಲಿ ಒಂದು ತುಂಡು ಫಿಲ್ಮ್ ಹಾಕಿ ನೋಡಿ. ಹಾಲಿನ ಬಣ್ಣ ಹೋಗಿ ತಿಳಿಯಾಗೋಕೆ ಎಷ್ಟು ಸಮಯವೋ ಅದರ ಎರಡರಷ್ಟು ಕೊಡಬೇಕು. ನಮ್ಮದು ಒಂದೂವರೆ ನಿಮಿಷಕ್ಕೆ ತಿಳಿಯಾಯ್ತು, ಸ್ವಲ್ಪ ಸೇರಿಸಿ 4 ನಿಮಿಷ ಇಟ್ಕೊಂಡ್ವಿ.

8. ಆಮೇಲೆ ಲೈಟ್ ಹಾಕಬಹುದು. ಹರಿಯೋ ನೀರಲ್ಲಿ 10 ನಿಮಿಷ ತೊಳೆದು, ಕೊನೆಗೆ ವೆಟ್ಟಿಂಗ್ ಏಜೆಂಟಿನ ಕೆಲವೇ ಹನಿ ಹಾಕಿದ ನೀರಲ್ಲಿ ಅದ್ದಿ, ಒಂದು ಮೂಲೆಗೆ ಕ್ಲಿಪ್ ಹಾಕಿ ನೇತುಹಾಕಿ. ಹೈಪೋ ಉಳಿದ್ರೆ ವರ್ಷಗಳ ನಂತರ ನೆಗೆಟಿವ್ ಕೆಡುತ್ತೆ. ಹಾಗಾಗಿ ಇಲ್ಲಿ ಅವಸರ ಬೇಡ.

ಸಮಯ ನೋಡೋದು ಹೇಗೆ? ಫೋನ್ ಒಳಗೆ ಬೇಡವೇ ಬೇಡ. ಇಸಿಯವಳು ಆರ್ಡುಇನೋಗೆ ಬಜರ್ ಹಾಕಿ 10 ಸೆಕೆಂಡಿಗೊಂದು ಬೀಪ್, ನಿಮಿಷಕ್ಕೊಂದು ಉದ್ದ ಬೀಪ್, ಎತ್ತಬೇಕಾದ ಹೊತ್ತಿಗೆ ಮೂರು ಬೀಪ್ ಬರೋ ಹಾಗೆ ಮಾಡಿದಳು. ಎಲ್ಲ ಸರಿ, ಬೋರ್ಡಿನ ಮೇಲಿನ ಪವರ್ ಎಲ್‌ಇಡಿ ಮರೆತಿದ್ದಳು! ಕೊನೆಗೆ ಬೋರ್ಡನ್ನ ಬಾಗಿಲ ಹೊರಗಿಟ್ಟು ಬಜರಿನ ವೈರ್ ಮಾತ್ರ ಒಳಗೆ ತಂದ್ವಿ.

ಅಭ್ಯಾಸ ಆದ ಮೇಲೂ ನೇರವಾಗಿ ತಾತನ ಶೀಟಿಗೆ ಹೋಗಲಿಲ್ಲ. ಬಾಕ್ಸಿನಲ್ಲಿದ್ದ ಎರಡು ಹೊಸ ಶೀಟಿನಲ್ಲಿ ಮನೆ ಹಿಂದಿನ ತೆಂಗಿನ ಮರ ತೆಗೆದು, ಅದೇ 24 ಡಿಗ್ರಿ, ಅದೇ 5 ನಿಮಿಷ 48 ಸೆಕೆಂಡಿಗೆ ತೊಳೆದ್ವಿ. ಗರಿಯ ನೆರಳಲ್ಲೂ ವಿವರ ಇತ್ತು, ಆಕಾಶದಲ್ಲಿ ಪಟ್ಟೆ ಇರಲಿಲ್ಲ. ಆಗ ಮಾತ್ರ ಫ್ರಿಜ್ ತೆಗೆದ್ವಿ.

ಎರಡು, ಮತ್ತೆ ಎರಡು

ಫ್ರಿಜ್ಜಿನಿಂದ ತೆಗೆದ ಬಾಕ್ಸನ್ನ ತಕ್ಷಣ ಬಿಚ್ಚಬಾರದು, ತಣ್ಣಗಿನ ಫಿಲ್ಮ್ ಮೇಲೆ ತೇವ ಕೂರುತ್ತೆ. ಮಧ್ಯಾಹ್ನವೇ ಹೊರಗಿಟ್ವಿ. ಬಾತ್‌ರೂಮಿನ ಧೂಳು ಕೂರಲಿ ಅಂತ ಐದು ನಿಮಿಷ ಶವರ್ ಬಿಟ್ವಿ. ಗೀಸರನ್ನ ಮೇನಿನಲ್ಲೇ ಆಫ್ ಮಾಡಿದ್ವಿ. ಮನೆಯವರ ಸ್ನಾನ ಎಲ್ಲ ಮುಗಿದಿತ್ತು, ಈ ಸಲ ಮೊದಲೇ ಕೇಳ್ಕೊಂಡಿದ್ವಿ.

ನಾಲ್ಕನ್ನೂ ಒಟ್ಟಿಗೆ ಹಾಕಬಹುದಿತ್ತು, ಅನುಭವ ಇರೋರು ಆರು ಶೀಟ್ ಕೂಡ ಒಟ್ಟಿಗೆ ಮಾಡ್ತಾರೆ. ಆದ್ರೆ ಒಂದು ತಪ್ಪಿಗೆ ನಾಲ್ಕೂ ಹೋಗೋದು ಬೇಡ ಅಂತ ಎರಡೆರಡು ಮಾಡಿದ್ವಿ. ಒಳಗೆ ಹೋದವರು ಒಬ್ಬರೇ, ಮೆಕ್ಯಾನಿಕಲ್‌ನವನು. ಅವನ ತಾತ, ಅವನ ಕೈ. ನಾವಿಬ್ಬರು ಬಾಗಿಲ ಹೊರಗೆ ಬೀಪ್ ಎಣಿಸ್ತಾ ಕೂತ್ವಿ. ಒಳಗಿಂದ ನೀರಿನ ಸಣ್ಣ ಸದ್ದು ಬಿಟ್ರೆ ಬೇರೇನೂ ಇಲ್ಲ. ಐದು ನಿಮಿಷ ಅಷ್ಟು ಉದ್ದ ಇರುತ್ತೆ ಅಂತ ಗೊತ್ತಿರಲಿಲ್ಲ.

ಲೈಟ್ ಹಾಕಿದ ಮೇಲೆ ಅವನು ಬಾಗಿಲು ತೆಗೆಯೋಕೆ ಸ್ವಲ್ಪ ತಡ ಮಾಡಿದ. "ಬಂದಿದೆ" ಅಂದ. ಆಮೇಲೆ, "ಒಂದಕ್ಕೆ ಗೀರು ಬಿದ್ದಿದೆ" ಅಂದ. ಗ್ಲೌಸಿನ ಬೆರಳ ತುದಿ ಸಡಿಲ ಇತ್ತಂತೆ, ಮಡಿಕೆ ತಾಗಿದೆ. ಆರು ಶೀಟಿನಲ್ಲಿ ತಾತ ಒಂಚೂರು ನಕ್ಕಿದ್ದು ಒಂದರಲ್ಲೇ. ಗೀರು ಬಿದ್ದದ್ದು ಅದಕ್ಕೇ, ಎಡ ಕೆನ್ನೆ ಮೇಲೆ. ಸರಿಯಾದ ಅಳತೆಯ ಗ್ಲೌಸ್ ಹಾಕ್ಕೊಂಡು ಮಾಡಿದ ಎರಡನೇ ಬ್ಯಾಚು ಪೂರ್ತಿ ಸ್ವಚ್ಛವಾಗಿ ಬಂತು.

ಮುಗಿದ ಮೇಲೆ ಮಾಡಬೇಕಾದ್ದು

ಬಳಸಿದ ಫಿಕ್ಸರಿನಲ್ಲಿ ಬೆಳ್ಳಿ ಕರಗಿರುತ್ತೆ. ಅದನ್ನ ಚರಂಡಿಗೆ ಸುರಿಯಬೇಡಿ. ಜಲಚರಗಳಿಗೆ ಬೆಳ್ಳಿ ವಿಷ. ಒಂದು ಡಬ್ಬಿಯಲ್ಲಿ ಸ್ಟೀಲ್ ವುಲ್ ಹಾಕಿ ಫಿಕ್ಸರ್ ಸುರಿದು ಕೆಲವು ದಿನ ಬಿಟ್ರೆ ಕಬ್ಬಿಣ ಕರಗಿ ಬೆಳ್ಳಿ ಕೆಸರಾಗಿ ಕೂರುತ್ತೆ. ಉಳಿದದ್ದನ್ನ ಕಾಲೇಜ್ ಲ್ಯಾಬಿನವರನ್ನ ಕೇಳಿ ಅಲ್ಲಿನ ತ್ಯಾಜ್ಯದ ಕ್ಯಾನಿಗೆ ಹಾಕಿದ್ವಿ. ಬಾತ್‌ರೂಮನ್ನ ಎರಡು ಸಲ ತೊಳೆಯಿರಿ. ಬಾಟಲಿಗಳ ಮೇಲೆ ಹೆಸರು, ತಾರೀಖು ಬರೆದು, ಮಕ್ಕಳ ಕೈಗೆ ಸಿಗದ ಕಡೆ ಇಡಿ.

ತಾತ ನೆಗೆಟಿವ್ ನೋಡಿದ್ದು

ಫೋನಲ್ಲಿ ಇನ್ವರ್ಟ್ ಮಾಡಿ ತೋರಿಸೋಕೆ ಹೋದ್ವಿ. ತಾತ ಫೋನ್ ಪಕ್ಕಕ್ಕಿಟ್ಟು ನೆಗೆಟಿವನ್ನೇ ಅಂಚು ಹಿಡಿದು ಕಿಟಕಿಗೆ ಎತ್ತಿದ್ರು. ಅವರಿಗೆ ನೆಗೆಟಿವ್ ನೇರವಾಗಿ ಓದೋಕೆ ಬರುತ್ತೆ, ನಮಗೆ ಕನ್ನಡಿಯಲ್ಲಿ ಅಕ್ಷರ ಓದಿದ ಹಾಗೆ.

"ಕೋಟಿನ ನೆರಳು ಖಾಲಿ ಹೋಗಿದೆ. ಎರಡಲ್ಲ, ಮೂರು ಎಣಿಸ್ಬೇಕಿತ್ತು. ಡೆವಲಪಿಂಗ್ ಸರಿಯಾಗಿದೆ."

ಇಪ್ಪತ್ತು ಮಾರ್ಕ್ಸಿಗೆ ಹದಿನೆಂಟು ಬಂದಷ್ಟು ಖುಷಿ ಆಯ್ತು. ಆಮೇಲೆ ಗೀರು ಬಿದ್ದ ಶೀಟ್ ಕೊಟ್ವಿ, ತಪ್ಪು ಒಪ್ಪಿಕೊಳ್ಳೋ ಮುಖದಲ್ಲಿ. ಅವರು ಟ್ರಂಕಿನಿಂದ ಭೂತಗನ್ನಡಿ, ಸೂಜಿ ಹಾಗೆ ಚೂಪು ಮಾಡಿದ ಪೆನ್ಸಿಲು ತೆಗೆದ್ರು. ಎಮಲ್ಶನ್ ಗೀರಿದ್ರೆ ಅಲ್ಲಿ ಬೆಳಕು ಜಾಸ್ತಿ ತೂರಿ ಪ್ರಿಂಟಿನಲ್ಲಿ ಕಪ್ಪು ಗೆರೆ ಬೀಳುತ್ತೆ. ಆ ಗೀರನ್ನ ಪೆನ್ಸಿಲ್ ಸೀಸದ ಚುಕ್ಕೆಗಳಿಂದ ತುಂಬಿದ್ರೆ ಗೆರೆ ಮಾಯ. ಇದಕ್ಕೆ ರೀಟಚಿಂಗ್ ಅಂತಾರೆ. ಊರಿನ ಎಷ್ಟೋ ಮದುಮಕ್ಕಳ ಮೊಡವೆ, ಯಜಮಾನರ ಸುಕ್ಕು ಎಲ್ಲ ಅವರ ಪೆನ್ಸಿಲಿನಲ್ಲೇ ಮಾಯವಾಗಿದ್ದು.

ಅರ್ಧ ಗಂಟೆ ಕಿಟಕಿ ಹತ್ತಿರ ಕೂತು ಗೀರನ್ನ ಮಾತ್ರ ತುಂಬಿದ್ರು. "ಸುಕ್ಕೂ ತೆಗೀರಿ ತಾತ" ಅಂತ ಮೊಮ್ಮಗ ಅಂದ. "ಅದು ನಿನ್ನ ಉಗುರಿನ ಗೀರಲ್ವಲ್ಲೋ, ಅದಿರಲಿ" ಅಂದ್ರು.

ಆ ನೆಗೆಟಿವಿನ ಕಾಂಟ್ಯಾಕ್ಟ್ ಪ್ರಿಂಟ್ ಈಗ ಅವರ ಹಾಲಿನಲ್ಲಿದೆ, 4×5 ಇಂಚು, ಗಾಜು ಹಾಕಿಸಿದ್ದೇವೆ. ಹಿಂದೆ ಕಿಟಕಿ, ಪರದೆ, ಆ ಗೆದ್ದಲು ಹಿಡಿದ ಕುರ್ಚಿ ಎಲ್ಲ ಇದೆ. ಹತ್ತಿರ ಹೋಗಿ ನೋಡಿದ್ರೆ ಪರದೆಯ ನೇಯ್ಗೆ ಕೂಡ ಎಣಿಸಬಹುದು. ಗೀರು ಎಲ್ಲಿತ್ತು ಅಂತ ನಮಗೆ ಗೊತ್ತು. ಆದ್ರೂ ಹುಡುಕಿದ್ರೆ ಸಿಗಲ್ಲ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥ ಕ್ಯಾಮೆರಾ ಇದ್ರೆ ಕೆಳಗಿಳಿಸಿ. ಮೊದಲು ಥರ್ಮಾಮೀಟರ್ ತಗೊಳ್ಳಿ, ಆಮೇಲೆ ಫಿಲ್ಮ್. ಅಭ್ಯಾಸಕ್ಕೆ ಕತ್ತರಿಸಿದ ಎಕ್ಸ್‌ರೇ ಹಾಳೆಗಳು ನಮ್ಮ ಹತ್ತಿರ ಇನ್ನೂ ಇವೆ, ಕೇಳಿದ್ರೆ ಕೊಡ್ತೀವಿ.